ಬಸವನಹುಳುವನ್ನು ಯಾರೂ ನೋಡಲಿಲ್ಲ

ಎಲ್ಲ ತಾಪತ್ರಯಕ್ಕೂ ಕಾರಣ ಪುಸ್ತಕದ ಮೊದಲನೇ ಸಾಲು: ‘ಪುಟಾಣಿ, ಈಗ ಮೆಲ್ಲಗೆ ಕಣ್ಣು ಮುಚ್ಚು.’

ಚಿತ್ರಗಾರನಿಗೆ ಆ ಸಾಲು ಬಾಯಿಪಾಠವಾಗಿತ್ತು. ಅದರ ಎದುರಿನ ಪುಟಕ್ಕೆ ಕಣ್ಣು ಮುಚ್ಚಿ ಕೂತ ಮಗುವೊಂದನ್ನು ಬರೆದು, ರೆಪ್ಪೆಗಳ ಮೇಲೇ ಒಂದು ವಾರ ಕಳೆದಿದ್ದ. ಆದರೆ ಇಷ್ಟು ದಿನ ಅವನು ಆ ಸಾಲನ್ನು ಓದಿದ್ದೆಲ್ಲ ಮನಸ್ಸಿನಲ್ಲೇ, ಕಣ್ಣು ಬಿಟ್ಟುಕೊಂಡು. ಗಟ್ಟಿಯಾಗಿ ಇನ್ನೊಬ್ಬರಿಗೆ ಓದಿ ಹೇಳಿರಲಿಲ್ಲ.

ಪುಟ್ಟ ಮಕ್ಕಳಿಗೆ ಸುಮ್ಮನೆ ಕೂತು ತಮ್ಮ ಉಸಿರನ್ನು ಗಮನಿಸುವುದು ಹೇಗೆಂದು ಕಲಿಸುವ ಚಿತ್ರಪುಸ್ತಕ ಅದು. ಬರೆದವರು ಉಸಿರಮ್ಮ. ಬಡಾವಣೆಯವರಿಗೆಲ್ಲ ಉಸಿರಾಟ ಹೇಳಿಕೊಡುತ್ತಿದ್ದ ಆಕೆಯ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಮಾತಾಡುವಾಗ ಆಕೆ ಎರಡು ಪದಗಳ ನಡುವೆ ಬಿಡುವ ಜಾಗದಲ್ಲಿ ಒಂದು ಸಂಸಾರ ಬಾಡಿಗೆಗೆ ಇರಬಹುದಿತ್ತು. ಕತೆಯಲ್ಲಿ ಒಂದು ಬಸವನಹುಳು ಎಲೆಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಅಷ್ಟೆ. ಆ ಎಲೆಯನ್ನು ಚಿತ್ರಗಾರ ಹಗಲಿನಲ್ಲಿ, ಮಂಜಿನಲ್ಲಿ, ಬೆಳದಿಂಗಳಿನಲ್ಲಿ ಬರೆದಿದ್ದ. ಹುಳುವಿನ ಬೆನ್ನಿನ ಮೇಲಿನ ಸುರುಳಿಯನ್ನು ಬಿಡಿಸುವಾಗ ಎಷ್ಟೋ ಸಲ ತಾನೇ ಅದರೊಳಗೆ ಸುತ್ತುತ್ತ ಹೋಗಿ, ಹೆಂಡತಿ ಊಟಕ್ಕೆ ಕರೆದಾಗ ದಾರಿ ಹುಡುಕಿಕೊಂಡು ಹೊರಗೆ ಬರಬೇಕಾಗಿತ್ತು.

ಈ ಪುಸ್ತಕ ಅವನಿಗೆ ಪ್ರಾಣ. ಅಲ್ಲಿಯವರೆಗೆ ಅವನು ಬರೆದದ್ದೆಲ್ಲ ಸೋಪಿನ ಹೊದಿಕೆಗಳು. ಅವನ ಗುಲಾಬಿಗಳು ಮನೆಮನೆಯ ಬಚ್ಚಲಲ್ಲಿ ಹರಿದು ಒದ್ದೆಯಾಗಿ ಬಿದ್ದಿರುತ್ತಿದ್ದವು. ಯಾರು ಬರೆದದ್ದೆಂದು ಒಬ್ಬರೂ ಕೇಳಿದವರಲ್ಲ. ಅವನ ಚಿತ್ರವನ್ನು ಜನ ಚಿತ್ರವೆಂದು ನೋಡಲಿದ್ದದ್ದು ಇದೇ ಮೊದಲು. ಅದೂ ಪ್ರಕಾಶಕಿ ಒಪ್ಪಿದರೆ. ಆ ಮಧ್ಯಾಹ್ನ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಮಾದರಿ ಪ್ರತಿಯನ್ನು ಮಕ್ಕಳಿಗೆ ಓದುವುದೆಂದೂ, ಪ್ರಕಾಶಕಿ ಕೂತು ಕೇಳಿ ಅಲ್ಲೇ ತೀರ್ಮಾನ ಹೇಳುವುದೆಂದೂ ನಿಗದಿಯಾಗಿತ್ತು.

“ಬೆಳಗ್ಗೆಯಿಂದ ಆ ಪುಸ್ತಕ ಹಿಡ್ಕೊಂಡು ಹಾಲು ಉಕ್ಕೋದನ್ನ ಕಾಯೋರ ಹಾಗೆ ನಿಂತಿದೀರ,” ಎಂದಳು ಹೆಂಡತಿ. “ಕೆಳಗಡೆ ದರ್ಜಿಯಣ್ಣಂಗಾದ್ರೂ ಓದಿ ಬನ್ನಿ. ನಿಮಗೂ ಅಭ್ಯಾಸ ಆಗುತ್ತೆ, ನನಗೂ ನೆಲ ಒರೆಸೋಕೆ ಜಾಗ ಆಗುತ್ತೆ.”

ದರ್ಜಿ ಕೊರಳಿಗೆ ಟೇಪು ಹಾಕಿಕೊಂಡು ಪ್ಯಾಂಟೊಂದನ್ನು ಗಿಡ್ಡ ಮಾಡುತ್ತಿದ್ದ. ಚಿತ್ರಗಾರ ಪುಸ್ತಕವನ್ನು ಅವನ ಮುಖದ ಮುಂದೆ ಹಿಡಿದು ಮೊದಲ ಸಾಲು ಓದಿದ. ದರ್ಜಿಯ ಕಣ್ಣು ಮುಚ್ಚಿತು, ಮಿಷಿನ್ನಿನ ಮೇಲಿದ್ದ ಕಾಲು ನಿಂತಿತು. ಪುಟ ತಿರುಗಿದಂತೆಲ್ಲ ಅವನ ಮುಖ ನೀರಿನಲ್ಲಿ ಬಿಟ್ಟ ಬಟ್ಟೆಯ ಹಾಗೆ ಹರಡಿಕೊಂಡಿತು. ಕೊನೆಯ ಪುಟವಾದ ಮೇಲೂ ಸ್ವಲ್ಪ ಹೊತ್ತು ಅವನು ಹಾಗೇ ಇದ್ದ.

“ಆಹಾ,” ಎಂದ ಕಡೆಗೆ. “ಮನಸ್ಸಿಗೆ ಇಸ್ತ್ರಿ ಹಾಕಿದ ಹಾಗಾಯ್ತು ನೋಡಿ.”

“ಬಸವನಹುಳು ಹೇಗಿತ್ತು?”

“ಯಾವ ಹುಳು?”

“ಚಿತ್ರದಲ್ಲಿರೋದು, ದರ್ಜಿಯಣ್ಣ. ಮಂಜಿನ ಪುಟ ನೋಡಿದ್ರಲ್ಲ?”

“ಎಲ್ಲಿ ನೋಡ್ಲಿ? ಕಣ್ಣು ಮುಚ್ಚು ಅಂತ ನೀವೇ ಅಂದ್ರಿ.”

“ಆಮೇಲೆ ತೆಗೀಬೇಕಿತ್ತಪ್ಪಾ.”

“ತೆಗಿ ಅಂತ ಅಂದ್ರಾ? ಅಳತೆ ಕೊಟ್ಟ ಹಾಗೆ ಹೊಲಿಯೋನು ನಾನು. ಹೇಳದೇ ಇದ್ದದ್ದನ್ನ ನಾನ್ಯಾಕೆ ಮಾಡ್ಲಿ?”

ಚಿತ್ರಗಾರ ಪುಟಗಳನ್ನು ಹಿಂದೆ ಮುಂದೆ ತಿರುಗಿಸಿದ. ಉಸಿರನ್ನು ಒಳಗೆ ತಗೋ ಎಂದಿತ್ತು, ಹೊರಗೆ ಬಿಡು ಎಂದಿತ್ತು. ಗಾಳಿಯ ಸದ್ದು ಕೇಳು ಎಂದಿತ್ತು. ಕಣ್ಣು ತೆರೆ ಎಂದು ಮಾತ್ರ ಎಲ್ಲೂ ಇರಲಿಲ್ಲ. ಅವನ ಇಡೀ ವರ್ಷದ ಬಣ್ಣ ಮೊದಲ ಪುಟದಲ್ಲೇ ಬಾಗಿಲು ಹಾಕಿಸಿಕೊಂಡಿತ್ತು.

ಅವನು ಉಸಿರಮ್ಮನ ಮನೆಗೆ ಓಡಿದ. ಆಕೆ ಕಿಟಕಿಯ ಪಕ್ಕ ಕೂತು ಕುಂಡದ ಗಿಡಕ್ಕೆ ಹನಿಹನಿಯಾಗಿ ನೀರು ಹಾಕುತ್ತಿದ್ದರು. ಗಿಡವೂ ಅವಸರಪಡುತ್ತಿರಲಿಲ್ಲ.

“ಅಮ್ಮ, ಒಂದೇ ಒಂದು ಸಾಲು ಸೇರಿಸಿಬಿಡಿ. ಎರಡನೇ ಪುಟದಲ್ಲಿ ಕಣ್ಣು ತೆರೆ ಅಂತ. ನಿಮಗೇನೂ ಕಷ್ಟ ಇಲ್ಲ.”

“ಈಗಷ್ಟೇ... ಮಗು... ಒಳಗೆ ಹೋಗಿರುತ್ತೆ,” ಎಂದರು ಉಸಿರಮ್ಮ. “ಹೋದ ಕೂಡ್ಲೇ... ಎಳ್ಕೊಂಡು... ಬರ್ತಾರಾ ಅಣ್ಣಾ?”

“ಹಾಗಾದ್ರೆ ಚಿತ್ರ ಯಾಕಮ್ಮ?”

“ಇರ್ಲಿ... ಚೆನ್ನಾಗಿದೆ.”

“ಇದ್ದರೆ ನೋಡಬೇಕಲ್ಲ.”

“ಗಾಳಿ... ಇದೆ,” ಎಂದರು ಆಕೆ. ಗಿಡಕ್ಕೆ ಇನ್ನೊಂದು ಹನಿ ಬಿತ್ತು. “ನೋಡ್ತೀವಾ?”

ಇದಕ್ಕೆ ಏನೋ ಉತ್ತರವಿತ್ತು. ಆದರೆ ಆ ನಡುವಿನ ಮೌನದಲ್ಲಿ ಅವನ ರೆಪ್ಪೆಗಳೇ ಭಾರವಾಗತೊಡಗಿದ್ದರಿಂದ ಹೆದರಿ ಎದ್ದು ಬಂದ.

ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕೋಣೆ ಕೊಳದ ತಳದ ಹಾಗಿತ್ತು. ಹಸಿರು ಪರದೆಗಳ ಮೂಲಕ ಬಂದ ಬಿಸಿಲು ಗೋಡೆಯ ಮೇಲೆ ಅಲ್ಲಾಡುತ್ತಿತ್ತು. ಚಾಪೆಯ ಮೇಲೆ ಮಕ್ಕಳು, ಹಿಂದಿನ ಕುರ್ಚಿಯಲ್ಲಿ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಪ್ರಕಾಶಕಿ, ಬಾಗಿಲ ಬಳಿ ತುಟಿಯ ಮೇಲೆ ಬೆರಳಿಟ್ಟೇ ಹುಟ್ಟಿದಂತಿದ್ದ ಗ್ರಂಥಪಾಲಕಿ. ಉಸಿರಮ್ಮನಿಗೆ ಕತೆ ಕಂಠಸ್ಥ. ಆದ್ದರಿಂದ ಅವರು ಹೇಳುವುದು, ಚಿತ್ರಗಾರ ಪಕ್ಕದಲ್ಲಿ ನಿಂತು ಪುಸ್ತಕ ಹಿಡಿದು ಪುಟ ತಿರುಗಿಸುವುದು ಎಂದು ಗ್ರಂಥಪಾಲಕಿ ಏರ್ಪಾಡು ಮಾಡಿದರು.

“ಪುಟಾಣಿ,” ಎಂದರು ಉಸಿರಮ್ಮ, “ಈಗ... ಮೆಲ್ಲಗೆ...”

ಮುಂದಿನದನ್ನು ಹೇಳುವ ಅಗತ್ಯವೇ ಬೀಳಲಿಲ್ಲ. ಅಷ್ಟೂ ಮಕ್ಕಳ ಕಣ್ಣು ಸಂಜೆಯ ಹೂಗಳಂತೆ ಮುಚ್ಚಿಕೊಂಡವು. ಪ್ರಕಾಶಕಿಯ ಗಲ್ಲ ಎದೆಗೆ ತಾಗಿತು. ಗ್ರಂಥಪಾಲಕಿ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡೇ ತೇಲಿಹೋದರು. ಹೇಳುತ್ತಿದ್ದ ಉಸಿರಮ್ಮನೂ ಕಣ್ಣು ಮುಚ್ಚಿದ್ದರು. ಇಡೀ ಕೋಣೆಯಲ್ಲಿ ಕಣ್ಣು ಬಿಟ್ಟಿದ್ದವರು ಇಬ್ಬರೇ: ಚಿತ್ರಗಾರ, ಬಸವನಹುಳು.

ಅವನು ಪುಟ ತಿರುಗಿಸಿದ. ಮಂಜಿನ ಪುಟ ರೆಪ್ಪೆಗಳ ಸಾಲಿನ ಮುಂದೆ ಹಾದುಹೋಯಿತು. ಪುಸ್ತಕವನ್ನು ಸ್ವಲ್ಪ ಎತ್ತಿದ, ಓರೆ ಮಾಡಿದ, ಹಾಳೆಯನ್ನು ಪಟಪಟ ಎನ್ನಿಸಿದ. ಮಗುವೊಂದು ನಿದ್ದೆಯಲ್ಲಿ ಹಾಲು ಕುಡಿದಂತೆ ತುಟಿ ಚಪ್ಪರಿಸಿತು. ಕೆಮ್ಮಿದ.

“ಶ್,” ಎಂದರು ಗ್ರಂಥಪಾಲಕಿ, ಕಣ್ಣು ತೆರೆಯದೆ.

ಮುಂದಿನದು ಬೆಳದಿಂಗಳ ಪುಟ. ಎಲೆಯ ತುದಿಯಲ್ಲಿ ಹುಳು ಕತ್ತೆತ್ತಿ ನಿಂತಿದೆ. ಅದರ ಸುರುಳಿಯೊಳಗೆ ಇನ್ನೊಂದು ಚಂದ್ರ ಮೂಡಿದ್ದಾನೆ. ಆ ಚಂದ್ರನಿಗಾಗಿ ಅವನು ಬೇಸಿಗೆಯಿಡೀ ಬೆಳ್ಳಿ ಬಣ್ಣ ಕಲಸಿದ್ದ. ಇದನ್ನೂ ಯಾರೂ ನೋಡದೆ ತಿರುಗಿಸುವುದಕ್ಕೆ ಅವನ ಕೈ ಬರಲಿಲ್ಲ.

ಬೇರೆಯವರ ದನಿ ತೆಗೆಯುವುದರಲ್ಲಿ ಅವನು ಗಟ್ಟಿಗ. ಉಸಿರಮ್ಮನ ಹಾಗೆ ಮಾತಾಡಿ ಹೆಂಡತಿಯನ್ನು ಎಷ್ಟೋ ಸಲ ನಗಿಸಿದ್ದ. ಈಗ ಉಸಿರಮ್ಮ “ಎಲೆಯ... ಮೇಲೆ...” ಎಂದು ಬಿಟ್ಟ ವಿಶಾಲ ಬಯಲಿನೊಳಕ್ಕೆ ಅವನು ಬೆಕ್ಕಿನ ಹಾಗೆ ಕಾಲಿಟ್ಟ.

“ಈಗ... ಪುಟಾಣಿ...” ಎಂದ, ಥೇಟ್ ಅದೇ ದನಿಯಲ್ಲಿ. “ಕಣ್ಣು... ತೆರೆ.”

ಕಣ್ಣುಗಳು ತೆರೆದವು. ಒಂದು ಗಳಿಗೆ ಕೋಣೆಯಲ್ಲಿ ಏನೂ ಅಲುಗಾಡಲಿಲ್ಲ. ಅಷ್ಟೊಂದು ಕಣ್ಣುಗಳಲ್ಲಿ ಅಷ್ಟೊಂದು ಪುಟ್ಟ ಚಂದ್ರರು. ಚಿತ್ರಗಾರನ ಕಾಲು ನೆಲದ ಮೇಲಿರಲಿಲ್ಲ.

“ಅದರ ಮನೇಗೆ ಬಾಗಿಲೇ ಇಲ್ಲ,” ಎಂದಿತು ಮುಂದಿದ್ದ ಮಗು.

“ಕಳ್ಳ ಬಂದ್ರೆ?”

“ಒಳಗೆ ಲೈಟ್ ಇದೆ ನೋಡು. ಕಳ್ಳ ಬರಲ್ಲ.”

“ಅದು ಅಳ್ತಿದೆ.”

“ಅಳ್ತಿಲ್ಲ ಕಣೇ, ಅದರ ಮೂಗು ಹಾಗೇ ಇರೋದು.”

“ಮುಂದೆ ತಿರುಗ್ಸಿ ಅಂಕಲ್. ಹಿಂದೆ ತಿರುಗ್ಸಿ. ನಾನು ಮೊದಲಿಂದ ನೋಡೇ ಇಲ್ಲ.”

ಅಂಕಲ್ ಮುಂದೆ ತಿರುಗಿಸಿದ, ಹಿಂದೆ ತಿರುಗಿಸಿದ. ಮಕ್ಕಳು ಅವನ ಮೊಣಕಾಲು ಹತ್ತಿದರು. ಹುಳು ಹೇಗೆ ಹೋಗುತ್ತದೆಂದು ಒಂದು ಮಗು ಹೊಟ್ಟೆಯ ಮೇಲೆ ತೆವಳಿ ತೋರಿಸಿತು. ಮರುಗಳಿಗೆಗೆ ಎಲ್ಲರೂ ಬಸವನಹುಳುಗಳೇ. ಒಂದು ಮೇಜಿನ ಕೆಳಗೆ ನುಗ್ಗಿತು, ಇನ್ನೊಂದು ಚಾಪೆಯನ್ನೇ ಬೆನ್ನಿಗೆ ಸುತ್ತಿಕೊಂಡಿತು, ಮತ್ತೊಂದು ಪ್ರಕಾಶಕಿಯ ಪಾದವನ್ನು ಎಲೆಯೆಂದುಕೊಂಡು ಹತ್ತಿತು. ಒಂದು ಕಪಾಟು ತನ್ನಲ್ಲಿದ್ದ ಪುಸ್ತಕಗಳನ್ನೆಲ್ಲ ಹೊರಗೆ ಉಸಿರುಬಿಟ್ಟಿತು.

“ಎಲ್ಲವೂ...” ಎನ್ನುತ್ತಿದ್ದರು ಉಸಿರಮ್ಮ, ಇನ್ನೂ ಕಣ್ಣು ಮುಚ್ಚಿಕೊಂಡೇ, “ನಿಶ್ಶಬ್ದ.”

ಮಕ್ಕಳನ್ನು ಅವರವರ ಮನೆಯವರು ಮೇಜಿನ ಕೆಳಗಿನಿಂದ ಎಳೆದು ಕರೆದುಕೊಂಡು ಹೋದ ಮೇಲೆ ಪ್ರಕಾಶಕಿ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿದರು. ಚಿತ್ರಗಾರ ಪುಸ್ತಕವನ್ನು ಎದೆಗವಚಿಕೊಂಡು ನಿಂತ.

“ಅಚ್ಚಿಗೆ ಕಳಿಸ್ತೀನಿ,” ಎಂದರು ಪ್ರಕಾಶಕಿ.

ಅವನಿಗೆ ಪರದೆಯ ಹಸಿರು ಬಿಸಿಲು ಹೂವಾಗಿ ಮೈಮೇಲೆ ಬಿದ್ದಂತಾಯಿತು.

“ಚಿತ್ರ ತೆಗೆದು.”

“ಮೇಡಂ, ಇದು ಚಿತ್ರಪುಸ್ತಕ.”

“ಚಿತ್ರ ಚೆನ್ನಾಗಿಲ್ಲ ಅಂತ ಯಾರು ಅಂದ್ರು? ಅಷ್ಟು ಚೆನ್ನಾಗಿರೋದೇ ತೊಂದರೆ. ಮಕ್ಕಳು ತಣ್ಣಗಾಗ್ಲಿ ಅಂತ ನಾವು ಪುಸ್ತಕ ಮಾಡೋದು. ನಿಮ್ಮ ಹುಳು ಬಂದು ಕೋಣೆ ಕಿತ್ತುಹಾಕ್ತು.” ಅವರು ಸೀರಿಯಸ್ಸಾಗಿ ಕಾಲನ್ನು ಒರೆಸಿಕೊಂಡರು. “ನಿಜ ಹೇಳ್ಬೇಕು ಅಂದ್ರೆ ಅರ್ಧಕ್ಕೇ ನಾನು ಒಪ್ಕೊಂಡುಬಿಟ್ಟಿದ್ದೆ. ಹೇಗಿದೆಯೋ ಹಾಗೇ, ಚಿತ್ರಾನೂ ಸೇರಿಸಿ. ಒಂದು ಪುಟಾನೂ ನೋಡಿರ್ಲಿಲ್ಲ, ಅಷ್ಟು ನೆಮ್ಮದಿಯಾಗಿತ್ತು. ಅಷ್ಟರಲ್ಲಿ ಕಣ್ಣು ತೆರೆ ಅಂತ ಕೇಳಿಸ್ತು.”

ಚಿತ್ರಗಾರ ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದ.

“ನಾನೇ... ಅಂದಿರ್ಬೇಕು,” ಎಂದರು ಉಸಿರಮ್ಮ, ತಾಳ್ಮೆಯಿಂದ ತಪ್ಪೊಪ್ಪಿಕೊಳ್ಳುತ್ತ. “ದನಿ... ನಂದೇ ಇತ್ತು. ಇನ್ನು... ಅನ್ನಲ್ಲ.”

“ಬೇಜಾರು ಮಾಡ್ಕೋಬೇಡಿ,” ಎಂದರು ಪ್ರಕಾಶಕಿ ಚಿತ್ರಗಾರನಿಗೆ. “ಮೇಲೆ ಸಾಲು, ಕೆಳಗೆ ಪೂರ್ತಿ ಬಿಳಿ ಹಾಳೆ. ನಿಮ್ಮ ಹೆಸರು ರಕ್ಷಾಪುಟದಲ್ಲೇ ಇರುತ್ತೆ. ಆ ಬಿಳೀನ ಆರಿಸೋಕೂ ಒಬ್ಬ ಕಲಾವಿದರು ಬೇಕಲ್ವಾ?”

ಅವರು ಕೈಚೀಲದಿಂದ ಕಾಗದದ ತುಂಡುಗಳ ಕಟ್ಟೊಂದನ್ನು ತೆಗೆದು ಅವನ ಕೈಗಿಟ್ಟರು. ಹಾಲಿನ ಬಿಳಿ, ಸುಣ್ಣದ ಬಿಳಿ, ಮುತ್ತಿನ ಬಿಳಿ, ಬರೀ ಬಿಳಿ. ಚಿತ್ರಗಾರ ಒಂದೊಂದನ್ನೇ ತಿರುವಿಹಾಕಿದ. ಆಮೇಲೆ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದ, ಓರೆ ಮಾಡಿದ, ತೋಳು ಚಾಚಿ ದೂರದಿಂದ ನೋಡಿದ.

“ಇದು ಬೇಡ ಮೇಡಂ,” ಎಂದ. “ಇದು ಕಣ್ಣು ಸೆಳೆಯುತ್ತೆ.”