ಪಕ್ಕದ ಲೈನಿನ ಮೇಲೆ ಕಣ್ಣು

ಹೊಟ್ಟೆಕಿಚ್ಚು ನೀರು ಹಾಕಿದ್ರೂ ಆರಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ. ದಿನವೆಲ್ಲ ನೀರಿನ ಮಧ್ಯೆನೇ ಇರೋನು. ಆದ್ರೂ ಈ ಉರಿ ಮಾತ್ರ ಆರಲ್ಲ.

ಟಿನ್ ಫ್ಯಾಕ್ಟರಿ ಹತ್ತಿರ ನಮ್ಮದು ಕುಡಿಯೋ ನೀರಿನ ಪ್ಲಾಂಟ್. ಕ್ಯಾನ್ ತೊಳೆದು, ತುಂಬಿಸಿ, ಮುಚ್ಚಳ ಹಾಕೋ ಲೈನ್ ಎರಡಿವೆ. ಒಂದಕ್ಕೆ ಹನ್ನೆರಡು ವರ್ಷದಿಂದ ನಾನು ಸೂಪರ್‌ವೈಸರ್. ಇನ್ನೊಂದಕ್ಕೆ ಮೊನ್ನೆ ಮೊನ್ನೆ ಬಂದ ಲಿಂಗರಾಜಪುರದ ಹುಡುಗಿ. ಮಾಲೀಕರು ಶಿವಾಜಿನಗರದವರು, ನಮಗೆಲ್ಲ ಭಾಯ್. "ಈ ತಿಂಗಳು ಚೆನ್ನಾಗಿ ಪ್ರೊಡಕ್ಷನ್ ತೋರಿಸಿದವರೇ ಪ್ಲಾಂಟ್ ಇನ್‌ಚಾರ್ಜ್" ಅಂದ್ಬಿಟ್ರು. ಆ ಕುರ್ಚಿ ನಂದೇ ಅಂತ ನಾನು ಮನೇಲಿ ಸ್ವೀಟೂ ಹಂಚಿ ಆಗಿತ್ತು.

ಟೀ

ಮೊದಲ ವಾರವೇ ಅವಳ ಲೈನ್ ಮುಂದೆ. ಹೊಟ್ಟೆ ಉರಿದುಹೋಯ್ತು. ಕದ್ದು ನೋಡಿದ್ರೆ, ಅವಳ ಕಡೆಯವರು ಟೀಗೆ ಒಬ್ಬೊಬ್ಬರಾಗಿ ಹೋಗ್ತಾರೆ, ಮಷಿನ್ ನಿಲ್ಲೋದೇ ಇಲ್ಲ. ಇಷ್ಟೇನಾ ಅಂತ ನಾನೂ ಅದೇ ರೂಲ್ಸ್ ಹಾಕಿದೆ. ಮಾರನೇ ದಿನ ಹನ್ನೊಂದಕ್ಕೆ ನೋಡ್ತೀನಿ, ನನ್ನ ಲೈನ್ ಖಾಲಿ. ಹನ್ನೊಂದೂಕಾಲಿಗೂ ಖಾಲಿ. ಹನ್ನೊಂದೂವರೆಗೂ! ಮುಚ್ಚಳ ಹಾಕೋ ಅಕ್ಕನ್ನ ಹಿಡಿದು ಕೇಳಿದೆ.

"ಒಬ್ಬೊಬ್ಬರೇ ಕುಡೀರಿ ಅಂತ ನೀವೇ ಹೇಳಿದ್ರಲ್ಲ ಸಾರ್. ಒಬ್ಬರು ಕುಡಿಯುವಾಗ ಮಿಕ್ಕವರು ಕಂಪನಿ ಕೊಡ್ಬೇಡ್ವಾ?"

ಟೈಮು

ಅವಳು ಮೊಬೈಲಲ್ಲಿ ಟೈಮ್ ಇಟ್ಟು ಕ್ಯಾನ್ ತೊಳೆಯೋದನ್ನ ಅಳೀತಾಳೆ ಅಂತ ಸುದ್ದಿ ಬಂತು. ನನ್ನ ಹತ್ರ ಮೊಬೈಲ್ ಇಲ್ವಾ? ಹಿಡ್ಕೊಂಡು ನಿಂತೆ. ನನ್ನ ಲೈನಲ್ಲಿ ಕ್ಯಾನ್ ತೊಳೆಯೋ ವಯಸ್ಸಾದ ಯಜಮಾನರು ಕೆಲಸ ಬಿಟ್ಟು ಹೋಗಿ, ಮುಖ ತೊಳೆದು, ತಲೆ ಬಾಚ್ಕೊಂಡು ಬಂದ್ರು. ಒಂದೇ ಕ್ಯಾನ್‌ನ ನಾಜೂಕಾಗಿ ಐದು ನಿಮಿಷ ತೊಳೆದು ಹೇಳಿದ್ರು: "ಇನ್ನೊಂದ್ಸಲ ವಿಡಿಯೋ ತೆಗೀರಿ ಸಾರ್, ಈ ಕಡೆಯಿಂದ ನನ್ನ ಮುಖ ಚೆನ್ನಾಗಿ ಬರುತ್ತೆ."

ಇನ್‌ಚಾರ್ಜ್

ಕೊನೇ ವಾರ ನಾಚಿಕೆ ಬಿಟ್ಟು ಅವಳ ಲೈನ್ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ. "ಇದ್ಯಾಕಮ್ಮ ಹೀಗೆ? ಅದ್ಯಾಕಮ್ಮ ಹಾಗೆ?" ಬೆಳಗಿಂದ ಸಾಯಂಕಾಲದವರೆಗೂ ಕೇಳಿದ್ದೇ ಕೇಳಿದ್ದು. ಪಾಪ, ಮಷಿನ್ ನಿಲ್ಲಿಸಿ ನಿಲ್ಲಿಸಿ ಹೇಳಿಕೊಟ್ಟಳು. ನನ್ನ ಲೈನ್ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಶನಿವಾರ ಭಾಯ್ ಬಂದು ರಿಪೋರ್ಟ್ ನೋಡಿದ್ರು. ಆ ವಾರ ಅವಳ ಲೈನ್ ಅರ್ಧಕ್ಕಿಳಿದಿತ್ತು. ನನ್ನ ಲೈನ್ ಹನ್ನೆರಡು ವರ್ಷದಲ್ಲಿ ಕಾಣದಷ್ಟು ಕ್ಯಾನ್ ತುಂಬಿಸಿತ್ತು! ಎದೆ ಉಬ್ಬಿಸಿಕೊಂಡು ನಿಂತೆ. ಭಾಯ್ ನನ್ನ ಲೈನಿನವರನ್ನ ಕರೆದು, "ಏನ್ ಮಾಡಿದ್ರಿ?" ಅಂತ ಕೇಳಿದ್ರು.

"ಏನೂ ಇಲ್ಲ ಭಾಯ್. ಈ ವಾರ ಸಾರ್ ನಮ್ಮ ಹತ್ರ ಇರಲಿಲ್ಲ."

ಕುರ್ಚಿ ಅವಳ ಪಾಲಾಯ್ತು. ಅಳು ಬರೋದೊಂದೇ ಬಾಕಿ. "ಹಾಗಾದ್ರೆ ನನ್ನ ಗತಿ ಏನು ಭಾಯ್?" ಅಂದೆ.

ಭಾಯ್ ನನ್ನ ಹೆಗಲ ಮೇಲೆ ಕೈ ಹಾಕಿದ್ರು. "ರಸ್ತೆ ಆಚೆ ಇನ್ನೊಬ್ಬರು ಹೊಸ ವಾಟರ್ ಪ್ಲಾಂಟ್ ಓಪನ್ ಮಾಡಿದ್ದಾರೆ, ನೋಡಿದ್ರಾ ಜೀ? ಅಲ್ಲಿ ಕೆಲಸಕ್ಕೆ ಸೇರ್ಕೊಳ್ಳಿ. ಸಂಬಳ ನಾನು ಕೊಡ್ತೀನಿ."