ನಿಲ್ಲದ ಸೈಕಲ್ಲು, ನಿಂತ ಮೀಸೆ

ಇದು ನಡೆದ ಕತೆ. ಹಾಗೆಂದರೂ ಪೂರ್ತಿ ನಿಜವಾಗದು, ಯಾಕೆಂದರೆ ಇದರ ನಾಯಕ ಮುನಿಶಾಮಯ್ಯ ಆ ದಿನ ನಡೆದದ್ದು ಕಮ್ಮಿ, ತುಳಿದದ್ದೇ ಹೆಚ್ಚು. ಸುಳ್ಳೆನ್ನುವವರು ತಮ್ಮ ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಅದು ಇದ್ದ ಜಾಗದಲ್ಲೇ ಇದ್ದರೆ ಮುಂದಕ್ಕೆ ಓದಬಹುದು.

ಎಲ್ಲದಕ್ಕೂ ಕಾರಣ ಒಂದು ಕುದುರೆ. ಮಹಾರಾಜರ ಕಾಲ, ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದರು. ರೇಷ್ಮೆ ಮಂಡಿಯ ಗುಮಾಸ್ತೆ ಮುನಿಶಾಮಯ್ಯ ಹೊಸದಾಗಿ ಕೊಂಡ ಸೈಕಲ್ಲನ್ನು ರೈಲ್ವೆ ಸ್ಟೇಷನ್ನಿನ ಮುಂದೆ, ಚಿಕ್ಕಹನುಮಯ್ಯನ ಜಟಕಾ ಪಕ್ಕದಲ್ಲಿ ಒರಗಿಸಿ ಒಳಗೆ ಹೋದ. ಬರುವಷ್ಟರಲ್ಲಿ ಜಟಕಾ ಕುದುರೆ ಸೈಕಲ್ಲಿಗಿದ್ದ ಒಂದೇ ಒಂದು ಬ್ರೇಕಿನ ಎರಡು ರಬ್ಬರು ತುಂಡುಗಳನ್ನೂ ಕಿತ್ತು, ಊಟವಾದ ಮೇಲೆ ಯಜಮಾನರು ಎಲೆಯಡಿಕೆ ಮೆಲ್ಲುವ ಹಾಗೆ ಕಣ್ಣು ಮುಚ್ಚಿ ಮೆಲ್ಲುತ್ತಿತ್ತು.

"ಲೇ ಚಿಕ್ಕಹನುಮಯ್ಯ! ನಿನ್ನ ಕುದುರೆ ನನ್ನ ಬ್ರೇಕು ತಿಂದುಬುಡ್ತಲ್ಲೋ!"

"ತಿನ್ಲಿ ಬುಡಿ ಸಾಮಿ," ಎಂದ ಚಿಕ್ಕಹನುಮಯ್ಯ ಬಾಯಿಂದ ಬೀಡಿ ತೆಗೆಯದೆ. "ನಾನು ಲಗಾಮು ಎಷ್ಟು ಎಳುದ್ರೂ ನಿಲ್ತಿರ್ನಿಲ್ಲ. ಇನ್ನಾದ್ರೂ ಒಸಿ ನಿಲ್ಲೋದ ಕಲ್ತಾದು."

ಸ್ಟೇಷನ್ನೆಲ್ಲ ನಕ್ಕಿತು. ಮಾತಿಗೆ ಮಾತು ಬೆಳೆಯಿತು. ಜಟಕಾದವನಿಗೆ ಸೈಕಲ್ ಕಂಡರೆ ಮೊದಲೇ ಹೊಟ್ಟೆಯುರಿ. ಹುಲ್ಲು ತಿನ್ನದ ಗಾಡಿ ಊರಿಗೆ ಬಂದರೆ ಹುಲ್ಲು ಹಾಕುವವನ ಗತಿ ಏನು?

"ಈ ಕಬ್ಬುಣದ ಕತ್ತೆ ಮಾಗಡಿ ದಿಣ್ಣೆ ಹತ್ತಾದಾ? ಅರ್ಧಕ್ಕೆ ಹೆಗಲ ಮ್ಯಾಲೆ ಹೊತ್ಕಂಡು ಬತ್ತೀರಿ ಕಣ್ರೀ!"

"ಮಾಗಡಿ ಒಂದೇ ಅಲ್ಲ ಕಣಯ್ಯ!" ಮುನಿಶಾಮಯ್ಯ ಕೂಗಿದ. "ಮಾಗಡಿ, ಸಾವನದುರ್ಗ, ಹಾರೋಹಳ್ಳಿ, ಕಾನಕಾನಹಳ್ಳಿ, ಎಲ್ಲಾ ಸುತ್ತಿ ನಾಳೆ ದೀಪ ಹಚ್ಚೋದ್ರೊಳಗೆ ಇಲ್ಲೇ ಬಂದು ನಿಲ್ತೀನಿ. ಇಲ್ದಿದ್ರೆ ಈ ಮೀಸೆ ಬೋಳಿಸ್ಕೋತೀನಿ!"

"ನೀವು ಬಂದ್ರೆ ನಾನು ನಂದ ಬೋಳಿಸ್ಕತೀನಿ!"

ಹೊಂಗೆ ಮರದ ಕೆಳಗೆ ಕೂತಿದ್ದ ಕ್ಷೌರದ ಅಂಕಯ್ಯ, ಯಾರು ಗೆದ್ದರೂ ತನಗೊಂದು ಮೀಸೆ ಗ್ಯಾರಂಟಿ ಎಂದು ಕತ್ತಿ ಮಸೆಯತೊಡಗಿದ.

ಮುನಿಶಾಮಯ್ಯನ ಮೀಸೆಯ ವಿಷಯ ಇಲ್ಲಿ ಹೇಳಲೇಬೇಕು. ಆತ ಮಡಿಸಿದ ಛತ್ರಿಯಷ್ಟೇ ಸಣ್ಣ. ಮೀಸೆ ಮಾತ್ರ ಟಗರಿನ ಕೊಂಬು. ಹೆಣ್ಣು ನೋಡಲು ಹೋದಾಗ ನಾಗಲಕ್ಷ್ಮಮ್ಮ ಬಾಗಿಲ ಸಂದಿಯಿಂದ ಇಣುಕಿ, "ಗಂಡು ಎಲ್ಲೈತೆ ಕಾಣೆ, ಮೀಸೆ ಒಪ್ಪಿಗೆ" ಎಂದಿದ್ದಳು. ಮಂಡಿಯಲ್ಲಿ ಸಾಹುಕಾರರು ಬೈಯುವಾಗಲೂ ಮೀಸೆ ನೋಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅದು ಹೋದರೆ ಉಳಿಯುವುದು ಬರೀ ಛತ್ರಿಕಡ್ಡಿ.

ಪಂದ್ಯವೇನೋ ಆಯಿತು, ಬ್ರೇಕು? ಬೇರೆ ಊರಿನವನಾಗಿದ್ದರೆ ರಬ್ಬರು ಹುಡುಕುತ್ತಿದ್ದ. ಈ ಸೀಮೆಯವರಿಗೆ ತೊಟ್ಟಿಲು ಮುರಿದರೂ ಹುಕ್ಕಾ ಒಡೆದರೂ ನೆನಪಾಗುವುದು ಚನ್ನಪಟ್ಟಣದ ಬೊಂಬೆಯವರೇ. ಮುನಿಶಾಮಯ್ಯನೂ ಅಲ್ಲಿನ ಬೊಂಬೆಗಾರ ಜಬ್ಬಾರನ ಅಂಗಡಿಗೆ ಹೋದ. ಚಿಕ್ಕಹನುಮಯ್ಯ ಆಗಲೇ ಅಲ್ಲಿಗೆ ಬಂದು, ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಜಬ್ಬಾರನ ಕಿವಿಯಲ್ಲಿ ಏನೋ ಹೇಳಿ ಎದ್ದು ಹೋಗುತ್ತಿದ್ದ.

"ಬ್ರೇಕಾ ಸಾಮಿ? ಅರೆ, ಬೊಂಬೆ ಮಾಡೋ ಹಾಲೆ ಮರದಾಗೆ ಫಸ್ಟ್ ಕ್ಲಾಸ್ ಮಾಡ್ಕೊಡ್ತೀನಿ!" ಎಂದ ಜಬ್ಬಾರ್. ಚರಕಿಯಲ್ಲಿ ತಿರುಗುವ ಬೊಂಬೆಗೆ ಅವನು ಅರಗಿನ ಕಡ್ಡಿ ಒತ್ತುವುದನ್ನು ಮುನಿಶಾಮಯ್ಯ ಬಾಯಿ ಬಿಟ್ಟು ನೋಡಿದ. ಉಜ್ಜಿದ ಬಿಸಿಗೆ ಅರಗು ತುಪ್ಪದಂತೆ ಕರಗಿ ಮರವನ್ನು ಹೊದ್ದುಕೊಳ್ಳುತ್ತಿತ್ತು, ಆರಿದೊಡನೆ ಕಲ್ಲಾಗುತ್ತಿತ್ತು. "ಆಹಾ, ಎಂಥ ವಿದ್ಯೆ!" ಎಂದು ಹೊಗಳಿದನೇ ಹೊರತು, ಅದೇ ವಿದ್ಯೆ ತನ್ನ ಚಕ್ರಕ್ಕೂ ತಗುಲೀತು ಎಂದು ಹೊಳೆಯಲಿಲ್ಲ. ಒಂದು ಕೆಂಪು, ಒಂದು ಹಳದಿ, ಥಳಥಳ ಹೊಳೆಯುವ ಎರಡು ಬ್ರೇಕು ತುಂಡುಗಳನ್ನು ಜಬ್ಬಾರ್ ಕೂರಿಸಿಕೊಟ್ಟು, ಗಡ್ಡದೊಳಗೇ ನಕ್ಕ.

ಮಾರನೆಯ ದಿನ ಬೆಳ್ಳಿ ಮೂಡುವಾಗ ಮುನಿಶಾಮಯ್ಯ ಹೊರಟ. ನಾಗಲಕ್ಷ್ಮಮ್ಮ ಮೀಸೆಗೆ ಎಣ್ಣೆ ಹಚ್ಚಿ, "ಮುಖದ ಮ್ಯಾಲೆ ಇಟ್ಕಂಡೇ ಬನ್ನಿ" ಎಂದು ಹರಸಿದಳು.

ಮಾಗಡಿಯವರೆಗೆ ಏರು. ಹೊಲಗಳಲ್ಲಿ ರಾಗಿ ತೆನೆ ತೂಗುತ್ತಿತ್ತು, ಬಂಡೆ ಗುಡ್ಡಗಳು ಮಲಗಿದ ಎಮ್ಮೆಗಳಂತೆ ಎರಡು ಕಡೆಗೂ ಬಿದ್ದಿದ್ದವು. ದಿಣ್ಣೆಯಲ್ಲೂ ಆತ ಇಳಿಯಲಿಲ್ಲ. ಮಾಗಡಿ ಕೋಟೆಯ ಮುಂದೆ ಜನ ಸೇರಿ "ಭಲೇ!" ಎಂದರು. ಮೀಸೆ ತಿರುವಿ ಮುಂದೆ ಸಾಗಿದ. ಬ್ರೇಕು ಹಿಡಿಯುವ ಪ್ರಸಂಗವೇ ಬಂದಿರಲಿಲ್ಲ.

ಬಂದದ್ದು ಸಾವನದುರ್ಗದ ಇಳಿಜಾರಿನಲ್ಲಿ. ಮುಗಿಲ ಕೆಳಗೆ ಕವುಚಿ ಹಾಕಿದ ಮಣ್ಣಿನ ಬಾನಿಯಂಥ ಆ ಬಂಡೆಯನ್ನು ನೋಡುತ್ತ ಬರುವಾಗ ಸೈಕಲ್ಲು ಹುಚ್ಚು ಹತ್ತಿದಂತೆ ಓಡಿತು. ಬ್ರೇಕು ಅದುಮಿದ. ಚಕ್ರದಿಂದ ಕಮ್ಮನೆ ಹೊಗೆ ಬಂತು, ಚಕ್ರದ ಅಂಚಿಗೆ ಕೆಂಪು ಪಟ್ಟೆ ಬಂತು, ಹಳದಿ ಪಟ್ಟೆ ಬಂತು. ಇಳಿಜಾರಿನ ಕೊನೆಗೆ ಸೈಕಲ್ಲು ಹೂವಿನ ಹಾಗೆ ನಿಂತಿತು. ಏನಾಯಿತೆಂದು ಬಗ್ಗಿ ನೋಡಿ ಮತ್ತೆ ತಳ್ಳಿದರೆ, ಚಕ್ರ ಅಲುಗಲಿಲ್ಲ. ಅರಗು ಆರಿ, ಬ್ರೇಕೂ ಚಕ್ರವೂ ಗಂಡಹೆಂಡಿರಂತೆ ಅಂಟಿಕೊಂಡಿದ್ದವು.

ಮುನಿಶಾಮಯ್ಯನಿಗೆ ಅಂಕಯ್ಯನ ಕತ್ತಿ ಕಣ್ಣಿಗೆ ಕಟ್ಟಿತು. ಒದ್ದ, ಎಳೆದ, ಕೈ ಮುಗಿದ. ಹತ್ತಿರದ ಗುಡಿಸಲ ಮುಂದೆ ರೊಟ್ಟಿ ಸುಡುತ್ತಿದ್ದ ಮಾಯಮ್ಮ ಎಂಬ ಮುದುಕಿ ನೋಡುವಷ್ಟು ನೋಡಿ ಎದ್ದು ಬಂದಳು.

"ಯಾಕಪ್ಪಾ, ಗಾಡಿಗೆ ದೇವರು ಬಂದೈತಾ?"

"ಅರಗು ಅಂಟೈತೆ ಕಣವ್ವ!"

"ಅಂಟಿದ್ರೆ ಬಿಸಿ ಮುಟ್ಟುಸ್ಬೇಕು, ಒದ್ರೆ ಬುಟ್ಟಾದಾ?" ಎಂದು ರೊಟ್ಟಿ ತಿರುವುವ ಕಾದ ಮಗುಚೋ ಕೈ ತಂದು ಬ್ರೇಕಿಗೆ ಹಿಡಿದಳು. ಅರಗು ಜೇನಿನಂತೆ ಜಿನುಗಿತು, ಚಕ್ರ ಬಿಟ್ಟಿತು. ಮುನಿಶಾಮಯ್ಯ ಬೆರಳಿನಿಂದ ಅದನ್ನು ಬಳಿದು, "ಉಫ್! ಉಫ್!" ಎಂದು ಊದಿಕೊಂಡು, ಸಂತೋಷ ತಡೆಯದೆ ಮೀಸೆ ತಿರುವಿದ.

ಆಗ ಅವನಿಗೆ ಜ್ಞಾನೋದಯವಾಯಿತು. ಓಡುವಾಗ ಹಿಡಿದು ಬಿಟ್ಟರೆ ಅರಗು ಕರಗಿಯೇ ಇರುತ್ತದೆ, ನಿಂತರೆ ಕಲ್ಲು. ಅಂದಮೇಲೆ ಈ ಸೈಕಲ್ಲು ನಿಲ್ಲಬಾರದು. ಊಟಕ್ಕಿಲ್ಲ, ನೀರಿಗಿಲ್ಲ, ಮಿಕ್ಕ ಯಾವ ಸಣ್ಣಪುಟ್ಟ ಕೆಲಸಕ್ಕೂ ಇಲ್ಲ!

ಮುಂದಿನ ಸವಾರಿಯನ್ನು ಹಾರೋಹಳ್ಳಿಯವರು ಬಹಳ ದಿನ ನೆನೆಸಿಕೊಂಡರು. ಒಂದೊಂದು ಇಳಿಜಾರಿಗೂ ಚಕ್ರಕ್ಕೆ ಒಂದೊಂದು ಸುತ್ತು ಬಣ್ಣ. ಬಿಸಿಲಿಗೆ ಅದು ಆಳೆತ್ತರದ ಬುಗುರಿಯಂತೆ ಹೊಳೆಯುತ್ತಿತ್ತು. ಹೆಂಗಸರು ಮೇಳ ಬಂತೆಂದು ಓಡಿ ಬಂದು ಹೂವು ಎಸೆದರು. ಮುನಿಶಾಮಯ್ಯ ಸವಾರಿ ಮಾಡುತ್ತಲೇ ಬಗ್ಗಿ ಬ್ರೇಕಿನಿಂದ ಜೋಲುವ ಅರಗಿನ ಎಳೆ ಬಳಿಯುವನು, ಜೈಕಾರ ಕೇಳಿದೊಡನೆ ಅದೇ ಬೆರಳಿನಿಂದ ಮೀಸೆ ತಿರುವುವನು. ಎಡಕ್ಕೆ ಕೆಂಪು, ಬಲಕ್ಕೆ ಹಳದಿ. ಮೀಸೆಯ ತುದಿ ಉಹೂಂ ಎನ್ನದೆ ಮೇಲೇರುತ್ತ ಹೋಯಿತು.

ಕಾನಕಾನಹಳ್ಳಿಯಲ್ಲಿ, ಅಂದರೆ ಈಗಿನ ಕನಕಪುರದಲ್ಲಿ, ಚಿಕ್ಕಹನುಮಯ್ಯನ ಭಾವಮೈದ ಬೋರಲಿಂಗಯ್ಯ ಕಾಯುತ್ತಿದ್ದ. ಬಂದ ಗುರುತಿಗೆ ಸೈಕಲ್ಲಿಗೆ ತನ್ನ ಕೆಂಪು ವಸ್ತ್ರ ಕಟ್ಟುವುದು ಅವನ ಕೆಲಸ. ಗುಟ್ಟಾಗಿ ಇನ್ನೊಂದು ಕೆಲಸವೂ ಇತ್ತು: ಒಬ್ಬಟ್ಟಿನ ಊಟ ಬಡಿಸಿ, ಹಾಸಿಗೆ ಹಾಸಿ, ಮಲಗಿಸಿಬಿಡುವುದು.

"ಬನ್ನಿ ಬನ್ನಿ, ಇಳೀರಿ! ಎಲೆ ಹಾಕೈತೆ!"

"ಇಳಿಯಾಕಿಲ್ಲ! ವಸ್ತ್ರ ಕಟ್ಟು!" ಮುನಿಶಾಮಯ್ಯ ಅರಳಿಕಟ್ಟೆ ಸುತ್ತತೊಡಗಿದ.

"ಒಂದೇ ಒಬ್ಬಟ್ಟು ತಿನ್ನಿ ಸಾಮಿ!"

"ಓಡ್ಕೊಂಡು ಬಂದು ಬಾಯಿಗಿಡು!"

ಬೋರಲಿಂಗಯ್ಯ ಭಾರಿ ಆಳು. ಒಂದು ಕೈಲಿ ವಸ್ತ್ರ, ಒಂದು ಕೈಲಿ ಒಬ್ಬಟ್ಟು ಹಿಡಿದು ಕಟ್ಟೆ ಸುತ್ತ ಓಡಿದ. ಊರವರು ಪ್ರದಕ್ಷಿಣೆಯ ಲೆಕ್ಕ ಬಿಟ್ಟು ನಗತೊಡಗಿದರು. ಕೊನೆಗೆ ವಸ್ತ್ರ ಸೈಕಲ್ಲಿಗೆ ಬಿತ್ತು, ಒಬ್ಬಟ್ಟು ಮುನಿಶಾಮಯ್ಯನ ಬಾಯಿಗೆ ಬಿತ್ತು, ಬೋರಲಿಂಗಯ್ಯ ತಾನು ಹಾಸಿದ್ದ ಹಾಸಿಗೆಗೆ ತಾನೇ ಬಿದ್ದ.

ಸೂರ್ಯ ಇನ್ನೂ ಬೆಟ್ಟದ ನೆತ್ತಿಯ ಮೇಲಿರುವಾಗಲೇ ಕ್ಲೋಸ್‌ಪೇಟೆ ಸ್ಟೇಷನ್ನಿನ ಮುಂದೆ ಗದ್ದಲವೆದ್ದಿತು. "ಬಂದ್ರು! ಬಂದ್ಬುಟ್ರು!" ಬಣ್ಣದ ಚಕ್ರ, ಹಾರುವ ಕೆಂಪು ವಸ್ತ್ರ, ನಿಮಿರಿದ ಮೀಸೆ. ಬ್ರೇಕಿನಲ್ಲಿ ಅಳಿದುಳಿದ ಅರಗಿನಿಂದ ನಿಲ್ಲುವುದು ಹೇಗೆಂದು ತಿಳಿಯದೆ ಮುನಿಶಾಮಯ್ಯ ನೇರವಾಗಿ ಜಟಕಾ ಮುಂದಿನ ಹುಲ್ಲಿನ ರಾಶಿಗೆ ನುಗ್ಗಿ ನಿಂತ. ಕುದುರೆ ಬ್ರೇಕನ್ನು ಮೂಸಿ ನೋಡಿ ಮುಖ ತಿರುಗಿಸಿತು.

ತಮಾಷೆ ನೋಡಲು ರೈಲಿನಲ್ಲಿ ಬಂದಿದ್ದ ಜಬ್ಬಾರ್ ಹೊಟ್ಟೆ ಹಿಡಿದುಕೊಂಡ. "ಸಾಮಿ, ಆ ಬ್ರೇಕಾಗೆ ಮರಾನೇ ಇಲ್ಲ, ಪೂರಾ ಅರಗು! ಈ ಚಿಕ್ಕಹನುಮಯ್ಯನೇ ಹೇಳಿದ್ದು, ದಾರೀಲಿ ಅಂಟ್ಕೊಂಡು ಕೂತಿರ್ಲಿ ಅಂತ!"

"ಒಬ್ಬಟ್ಟಿಗೆ ಕೂತಿದ್ರೆ ಸೋತಿರ್ತಿದ್ದೆ ಕಣಯ್ಯ," ಎಂದ ಮುನಿಶಾಮಯ್ಯ ಜಟಕಾದವನ ಕಡೆ ತಿರುಗಿ. "ನಿನ್ನ ಅರಗೇ ಕೂರಾಕೆ ಬುಡ್ನಿಲ್ಲ!"

ಚಿಕ್ಕಹನುಮಯ್ಯ ಹೊಂಗೆ ಮರದ ಕೆಳಗೆ ಹೋಗಿ ಕೂತ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಅವನ ಮೀಸೆ ಮಣ್ಣುಪಾಲಾಯಿತು. ಜನ ಜೈ ಎಂದರು. ಗೆದ್ದವನಿಗೆ ಯಾರೋ ಮಜ್ಜಿಗೆ ತಂದುಕೊಟ್ಟರು.

ಮಜ್ಜಿಗೆ ಒಳಗೆ ಹೋಗಲಿಲ್ಲ. ಲೋಟ ಮೀಸೆಗೆ ತಾಗಿ 'ಟಣ್' ಎಂದಿತು. ಮೀಸೆ ತಿರುವಲು ನೋಡಿದ, ತಿರುಗಲಿಲ್ಲ. ಜಬ್ಬಾರ್ ಹತ್ತಿರ ಬಂದು ಉಗುರಿನಿಂದ ತಟ್ಟಿ, ಕಣ್ಣರಳಿಸಿದ.

"ವಾಹ್! ನನ್ನ ಅಂಗಡೀಲೂ ಇಂಥ ಪಾಲೀಶು ಬರಲ್ಲ."

"ತಮಾಷೆ ಸಾಕು, ಹೆಂಗೆ ಬಿಡ್ಸೋದು ಹೇಳು!"

"ಬೆಂಕಿ ತೋರ್ಸಿದ್ರೆ ಬಿಡ್ತದೆ ಸಾಮಿ."

"ಮೂಗಿನ ಕೆಳಗಾ!"

"ಬೆಂಕಿ ಬ್ಯಾಡಾ ಅಂದ್ರೆ..." ಜಬ್ಬಾರ್ ಹೊಂಗೆ ಮರದ ಕಡೆ ನೋಡಿದ. ಅಂಕಯ್ಯ ಆಗಲೇ ಕತ್ತಿಯನ್ನು ಮತ್ತೆ ಮಸೆಯುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ನಾಗಲಕ್ಷ್ಮಮ್ಮ ಗಂಡ ಗೆದ್ದ ಸುದ್ದಿ ಕೇಳಿ ಆರತಿ ತಟ್ಟೆ ಹಿಡಿದು ಓಡೋಡಿ ಬಂದಳು. ಹೊಂಗೆ ಮರದ ಕೆಳಗೆ ಇಬ್ಬರು ಗಂಡಸರು, ಸಿಪ್ಪೆ ಸುಲಿದ ಗೆಣಸಿನಂಥ ಮುಖ ಮಾಡಿಕೊಂಡು, ಪಕ್ಕಪಕ್ಕದಲ್ಲಿ ಕೂತಿದ್ದರು. ಅವಳು ಇವನನ್ನು ನೋಡಿದಳು, ಅವನನ್ನು ನೋಡಿದಳು, ತಟ್ಟೆಯನ್ನು ಯಾವ ಕಡೆಗೂ ಎತ್ತದೆ ಕೇಳಿದಳು:

"ಇದ್ರಾಗೆ ಗೆದ್ದೋರು ಯಾರು?"

ಮೊದಲು ಚಿಕ್ಕಹನುಮಯ್ಯ ಕಿಸಕ್ಕೆಂದ. ಆಮೇಲೆ ಜಬ್ಬಾರ್, ಅಂಕಯ್ಯ, ಇಡೀ ಸ್ಟೇಷನ್ನು. ಆದರೆ ಎಲ್ಲರಿಗಿಂತ ಜೋರಾಗಿ, ಪಕ್ಕದ ಹುಲ್ಲಿನ ರಾಶಿಗೆ ಬಿದ್ದು ಹೊರಳಿ ಹೊರಳಿ ನಕ್ಕವನು ಮುನಿಶಾಮಯ್ಯ. ಪಾಪ, ಸಾವನದುರ್ಗದಿಂದ ಈಚೆಗೆ ಅರಗಿಗೆ ಮೇಲ್ದುಟಿ ಬಿಗಿದು ಅವನಿಗೆ ನಗಲಿಕ್ಕೇ ಆಗಿರಲಿಲ್ಲ.