ಬಲಗಡೆಯಿಂದ ಓದಿದ ಚೀಟಿ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಔರಾದ ತಹಸೀಲ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಲಿತದ್ದೆಲ್ಲ ಉರ್ದು. ಇನ್ನು ಕಾಗದಪತ್ರವೆಲ್ಲ ಕನ್ನಡದಲ್ಲಿ, ಓದಲು ಬರುವವರು ಕೈ ಎತ್ತಿ ಎಂದು ಸಾಹೇಬರು ಹೇಳಿದಾಗ ಎಲ್ಲರಿಗಿಂತ ಮೊದಲು ಎತ್ತಿದವನು ನಾನೇ. ಮನೆಮಾತು ಕನ್ನಡವಾದ ಮೇಲೆ ಓದಲು ಇನ್ನೇನು ಬೇಕು? ನಿಜ ಹೇಳಬೇಕೆಂದರೆ ಬಿಡಿಬಿಡಿಯಾಗಿ ಬರೆದರೆ ಹೇಗೋ ಓದುತ್ತಿದ್ದೆ. ಅಕ್ಷರಕ್ಕೆ ಅಕ್ಷರ ತಾಗಿದರೆ ಮುಗಿಯಿತು.

ಅದೇ ಸುಮಾರಿಗೆ ತಲೆಸುತ್ತು ಶುರುವಾಯಿತು. ಬೀದರಿಗೆ ಹೋದೆ. ಮೈಸೂರ ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ರಕ್ತದೊತ್ತಡ ಹೆಚ್ಚಿದೆ ಎಂದರು. ತಂದೆ ಹೇಗೆ ತೀರಿಕೊಂಡರು ಎಂದು ಕೇಳಿದರು. ಐವತ್ತು ತುಂಬುವ ಮೊದಲೇ, ಹೊಲದಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ ಎಂದೆ. ನನಗಾಗ ನಲವತ್ತಾರು.

ಡಾಕ್ಟರು ಮೈಸೂರಿನ ವೇಗದಲ್ಲಿ ಬಹಳ ಹೊತ್ತು ಮಾತಾಡಿದರು. ಸಾಹೇಬರೆದುರು ಆಡಿಸುವ ಹಾಗೆ ಅವರೆದುರೂ ತಲೆ ಆಡಿಸಿದೆ. ಕೊನೆಗೆ ಒಂದು ಚೀಟಿಯ ನಡುವೆ ಗೆರೆ ಎಳೆದು ಎರಡೂ ಕಡೆ ಬರೆದು, ಓದಲು ಬರುತ್ತದೆಯೇ ಎಂದರು. ನನಗೆ ಅವಮಾನವಾಯಿತು.

“ನಾ ಸರ್ಕಾರಿ ನೌಕರ ಇದ್ದೇನ್ರಿ” ಎಂದೆ.

ಬಸ್ಸಿನಲ್ಲಿ ಚೀಟಿ ಬಿಚ್ಚಿದೆ. ಎರಡೂ ಕಡೆ ಮೇಲೆ ಬರೆದ ಮಾತಿನ ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು, ಬಿಟ್ಟೆ. ಕೆಳಗಿನವು ಸುಲಭವಾಗಿದ್ದವು. ಬಲಗಡೆ ಬೀಡಿ, ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿ. ಎಡಗಡೆ ನಡಿಗೆ, ಸೊಪ್ಪು, ಹಣ್ಣು, ನಿದ್ದೆ. ಇಪ್ಪತ್ತು ವರ್ಷ ಉರ್ದು ದಫ್ತರ ಬರೆದವನಿಗೆ ಕಾಗದ ಶುರುವಾಗುವುದೇ ಬಲಗಡೆಯಿಂದ. ಮೊದಲು ಬರೆಯುವುದು ಮಾಡಬೇಕಾದದ್ದು, ಆಮೇಲೆ ಬಿಡಬೇಕಾದದ್ದು. ಮೈಸೂರಿನ ವೈದ್ಯಶಾಸ್ತ್ರ ಇಷ್ಟು ಮುಂದುವರಿದಿದೆ ಎಂದು ನನಗೆ ಗೊತ್ತೇ ಇರಲಿಲ್ಲ!

ಪಥ್ಯ ಕಟ್ಟುನಿಟ್ಟಾಗಿ ಹಿಡಿದೆ. ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದ ಬೀಡಿ ಎರಡು ಕಟ್ಟಾಯಿತು. ಮೂರು ಹೊತ್ತೂ ಉಪ್ಪಿನಕಾಯಿ, ಸಂಜೆ ಬಸ್ ನಿಲ್ದಾಣದ ಮಿರ್ಚಿ ಭಜಿ. ಕಚೇರಿಗೆ ನಡೆಯುವುದನ್ನು ಬಿಟ್ಟು ಟಾಂಗಾ ಗೊತ್ತು ಮಾಡಿಕೊಂಡೆ. ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟೆ. ಆ ತ್ಯಾಗ ಮಾತ್ರ ಬಹಳ ಕಷ್ಟವಾಯಿತು.

ಹೆಂಡತಿ ಮಹಾದೇವಿಗೆ ಅನುಮಾನ ಬಂತು. ಅವಳು ಭಾಲ್ಕಿಯವಳು. ಸಾಲಿಗೆ ಹೋಗದಿದ್ದರೂ ಅವರಪ್ಪ ಮನೆಯಲ್ಲೇ ಕನ್ನಡ ಅಕ್ಷರ ಕಲಿಸಿದ್ದರು.

“ಬೀಡಿ ಸೇದ್ರಿ ಅಂತ ಯಾವ ಡಾಕ್ಟರ್ ಹೇಳ್ತಾನ್ರಿ? ಚೀಟಿ ಕೊಡ್ರಿ, ನಾ ಓದ್ತೇನಿ.”

“ಕಚೇರಿ ಕಾಗದ ಓದಾಂವ ನಾನು. ನೀ ರೊಟ್ಟಿ ನೋಡು” ಎಂದು ಚೀಟಿಯನ್ನು ಅಂಗಿಯ ಒಳಜೇಬಿಗೆ ಸೇರಿಸಿದೆ.

ಒಂದು ತಿಂಗಳಾಗಿತ್ತು. ಕಚೇರಿಯ ಮೆಟ್ಟಿಲು ಹತ್ತುವಾಗ ನಾಲ್ಕನೆಯದಕ್ಕೆ ಉಸಿರು ಸಿಗಲಿಲ್ಲ. ಎದೆ ಹಿಡಿದುಕೊಂಡು ಕೂತೆ. ಅಪ್ಪ ಕೂತದ್ದೂ ಹೀಗೆಯೇ ಎಂದು ನೆನಪಾದಾಗ ಟಾಂಗಾ ಹಿಡಿದು ಮನೆಗೆ ಬಂದೆ. ಮಹಾದೇವಿ ಕೂಡಲೇ ನನ್ನನ್ನು ಕರೆದುಕೊಂಡು ಬೀದರಿನ ಬಸ್ಸು ಹತ್ತಿದಳು.

ಡಾಕ್ಟರು ಪಟ್ಟಿ ಸುತ್ತಿ ನೋಡಿ, ಹೇಳಿದ್ದನ್ನೆಲ್ಲ ಮಾಡಿದಿರಾ ಎಂದರು. ಒಂದೂ ತಪ್ಪಿಸಿಲ್ಲ, ನಡಿಗೆಯನ್ನು ಪೂರ್ತಿ ಬಿಟ್ಟಿದ್ದೇನೆ ಎಂದು ಚೀಟಿ ಮುಂದಿಟ್ಟೆ. ಅವರು ಚೀಟಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. ಮಹಾದೇವಿ ಅದನ್ನು ಎತ್ತಿಕೊಂಡು, ಕಾಯುತ್ತ ಕೂತಿದ್ದವರಿಗೆಲ್ಲ ಕೇಳುವ ಹಾಗೆ ಎಡಗಡೆಯಿಂದ ಓದಿದಳು. “ಮಾಡಬೇಕಾದದ್ದು.” ಬಲಗಡೆಗೆ ಬಂದಳು. “ಬಿಡಬೇಕಾದದ್ದು.”

ಪುಣ್ಯಕ್ಕೆ ಎದೆಗೆ ಇನ್ನೂ ಪೆಟ್ಟು ಬಿದ್ದಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಈ ಸಲ ನಿಧಾನವಾಗಿ ಹೇಳಿದರು.

“ತಂದೆ ಹಾಗೆ ಹೋದ್ರು, ನಿಮಗೆ ಒತ್ತಡ ಇದೆ. ಅದರ ಮೇಲೆ ಬೀಡಿ, ಉಪ್ಪು, ಕೂತಲ್ಲೇ ಕೂರೋದು. ಒಂದೊಂದೂ ಎದೆಯ ಮೇಲಿಡೋ ಭಾರ. ತಂದೇನ ಬದಲಾಯಿಸೋಕಾಗಲ್ಲ. ಬೀಡೀನ ಬಿಡಬಹುದಲ್ಲ?”

ಬೀಡಿ ಬಿಡುವುದರೊಳಗೆ ಎರಡು ಸಲ ಮಹಾದೇವಿಯ ಕೈಗೆ ಸಿಕ್ಕಿಬಿದ್ದೆ. ಮೂರನೆಯ ಸಲ ನಿಜವಾಗಿಯೂ ಬಿಟ್ಟೆ. ಒತ್ತಡ ಮೆಲ್ಲಗೆ ಇಳಿಯುತ್ತ ಬಂತು.

ಈಗ ಬೆಳಿಗ್ಗೆ ಇಬ್ಬರೂ ಡಾಬಕಾ ದಾರಿಯಲ್ಲಿ ನಡೆಯುತ್ತೇವೆ. ಮಹಾದೇವಿಯ ಕೈಯಲ್ಲಿ ಒಂದನೇ ಇಯತ್ತೆಯ ಕನ್ನಡ ಪುಸ್ತಕ. ಮೈಲಿಗಲ್ಲು ಬಂದಾಗ ನಿಂತು ಒಂದು ಪುಟ ಓದಿಸುತ್ತಾಳೆ. ತಪ್ಪಿಲ್ಲದೆ ಓದಿದರೆ ಮನೆಗೆ ವಾಪಸು, ತಪ್ಪಿದರೆ ಮುಂದಿನ ಕಲ್ಲಿಗೆ. ದಿನಾ ನಾಲ್ಕು ಮೈಲಿಗೆ ಕಡಿಮೆಯಿಲ್ಲದೆ ನಡೆಯುತ್ತೇನೆಂದು ಡಾಕ್ಟರು ಬೇರೆ ರೋಗಿಗಳಿಗೆಲ್ಲ ನನ್ನದೇ ಉದಾಹರಣೆ ಕೊಡುತ್ತಾರಂತೆ.